ಡಿಪಿಎಫ್ ತೆಗೆಸಲು ಬರುವವರಿಗೆ

ನಮ್ಮದು ತುಮಕೂರಿನಲ್ಲಿ ಗಾಡಿಗಳ ಡೀಸೆಲ್ ಪಂಪ್, ನಾಝಲ್ (ಇಂಜಿನ್ನಿನೊಳಕ್ಕೆ ಡೀಸೆಲ್ ಚಿಮ್ಮಿಸುವ ಭಾಗ) ರಿಪೇರಿ ಅಂಗಡಿ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಹೈವೇ ಹತ್ತಿರ ಇರುವುದರಿಂದ ಲಾರಿ, ಟೆಂಪೊ, ಊರಿನವರ ಎಸ್‌ಯುವಿ ಎಲ್ಲ ಬರುತ್ತವೆ. ಇತ್ತೀಚೆಗೆ ಬಿಎಸ್6 (2020ರಲ್ಲಿ ಬಂದ ಹೊಗೆ ಮಿತಿಯ ನಿಯಮ) ಗಾಡಿ ತರುವವರಲ್ಲಿ ತುಂಬಾ ಜನ ಇಳಿಯುತ್ತಲೇ ಕೇಳುವುದು ಒಂದೇ ಮಾತು: "ಅಣ್ಣಾ, ಡಿಪಿಎಫ್ ತೆಗೆದುಕೊಡ್ತೀರಾ? ಇಜಿಆರ್ ಆಫ್ ಮಾಡ್ತೀರಾ?" ಡಿಪಿಎಫ್ ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಡಬ್ಬ, ಇಜಿಆರ್ ಅಂದರೆ ಸ್ವಲ್ಪ ಹೊಗೆಯನ್ನು ಮತ್ತೆ ಇಂಜಿನ್ನಿಗೆ ಕಳಿಸುವ ವಾಲ್ವ್. ಇಲ್ಲ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಯಾಕೆ ಇಲ್ಲ ಅನ್ನುವುದನ್ನು ಕೆಲಸದ ಗಡಿಬಿಡಿಯಲ್ಲಿ ಪೂರ್ತಿ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಕೂತು ಬರೆಯುತ್ತಿದ್ದೇನೆ.

ಅವರ ಸಿಟ್ಟು ನ್ಯಾಯವಾದದ್ದೇ. ಲಕ್ಷಗಟ್ಟಲೆ ಸುರಿದು ಗಾಡಿ ತಗೊಂಡಿರುತ್ತಾರೆ. ವಾರಂಟಿ ಮುಗಿದ ಮೇಲೆ ಒಂದು ದಿನ ಡ್ಯಾಶ್‌ಬೋರ್ಡಿನಲ್ಲಿ ಲೈಟು ಹತ್ತಿಕೊಳ್ಳುತ್ತದೆ. ಪಿಕಪ್ ಸತ್ತುಹೋಗುತ್ತದೆ. ಎಷ್ಟು ಆಕ್ಸಿಲರೇಟರ್ ತುಳಿದರೂ ಗಾಡಿ ಎಳೆಯುವುದಿಲ್ಲ. ವಿಚಾರಿಸಿದರೆ ಇಡೀ ಫಿಲ್ಟರ್ ಬದಲಾಯಿಸಬೇಕು ಅನ್ನುತ್ತಾರೆ. ಅದರ ರೇಟು ಕೇಳಿ ತಲೆ ತಿರುಗುತ್ತದೆ. ಅಷ್ಟರಲ್ಲಿ ಯಾರೋ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು, "ಅದರ ಕಾಲುಭಾಗ ದುಡ್ಡು ಕೊಡಿ, ಎಲ್ಲ ತೆಗೆದುಕೊಡ್ತೀನಿ, ಮೈಲೇಜೂ ಜಾಸ್ತಿ ಬರುತ್ತೆ" ಅಂದರೆ ಯಾರಿಗೆ ಆಸೆ ಆಗುವುದಿಲ್ಲ? ಆದರೆ ನಾನು ನೋಡಿರುವ ಮಟ್ಟಿಗೆ ಡಿಪಿಎಫ್ ತಾನಾಗಿ ಕೆಡುವುದು ಕಡಿಮೆ. ಅದು ಕಟ್ಟಿಕೊಳ್ಳುವುದಕ್ಕೆ ಬೇರೆ ಎಲ್ಲೋ ಕಾರಣ ಇರುತ್ತದೆ. ಕಾರಣ ಹುಡುಕದೆ ಡಬ್ಬ ಮಾತ್ರ ಕಿತ್ತು ಹಾಕಿದರೆ ಆ ತೊಂದರೆ ಇಂಜಿನ್ ಒಳಗೇ ಉಳಿಯುತ್ತದೆ. ಆಮೇಲೆ ಅದನ್ನು ತೋರಿಸಿಕೊಡುವ ಲೈಟೂ ಇರುವುದಿಲ್ಲ.

ಈ ಸಾಮಾನೆಲ್ಲ ಗಾಡಿಗೆ ಯಾಕೆ ಬಂತು ಅನ್ನುವುದನ್ನು ಮೊದಲು ಹೇಳುತ್ತೇನೆ. ಡೀಸೆಲ್ ಇಂಜಿನ್ನಿನಲ್ಲಿ ಗಾಳಿಯನ್ನು ಒತ್ತಿ ಬಿಸಿ ಮಾಡಿ, ಅದರೊಳಕ್ಕೆ ಡೀಸೆಲ್ ಚಿಮ್ಮಿಸುತ್ತಾರೆ. ಬೆಂಕಿ ಎಲ್ಲಿ ವಿಪರೀತ ಬಿಸಿ ಆಗುತ್ತದೋ ಅಲ್ಲಿ ಗಾಳಿಯಲ್ಲಿರುವ ನೈಟ್ರೋಜನ್ನೂ ಆಕ್ಸಿಜನ್ನೂ ಕೂಡಿಕೊಂಡು ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ನಾವು ನಾಕ್ಸ್ ಅನ್ನುವುದು ಇದನ್ನೇ. ಡೀಸೆಲ್ಲಿಗೆ ಎಲ್ಲಿ ಗಾಳಿ ಸಾಲುವುದಿಲ್ಲವೋ ಅಲ್ಲಿ ಮಸಿ ಆಗುತ್ತದೆ. ತೊಂದರೆ ಏನೆಂದರೆ, ಒಂದನ್ನು ಇಳಿಸಲು ಹೋದರೆ ಇನ್ನೊಂದು ಏರುತ್ತದೆ. ಇಜಿಆರ್ ವಾಲ್ವ್ ಸುಟ್ಟ ಹೊಗೆಯಲ್ಲಿ ಸ್ವಲ್ಪ ಭಾಗವನ್ನು ಮತ್ತೆ ಇಂಜಿನ್ನಿಗೇ ಕಳಿಸುತ್ತದೆ. ಅದರಿಂದ ಆಕ್ಸಿಜನ್ ಕಡಿಮೆಯಾಗಿ ಬೆಂಕಿಯ ಬಿಸಿ ಇಳಿಯುತ್ತದೆ, ನಾಕ್ಸ್ ಕಡಿಮೆ ಆಗುತ್ತದೆ. ಆದರೆ ಮಸಿ ಜಾಸ್ತಿ ಆಗುತ್ತದೆ. ಆ ಮಸಿಯನ್ನು ಹಿಡಿಯಲು ಡಿಪಿಎಫ್ ಇರಲೇಬೇಕು. ದೊಡ್ಡ ಇಂಜಿನ್ನಿಗೆ ಇಷ್ಟೂ ಸಾಲುವುದಿಲ್ಲ, ಉಳಿದ ನಾಕ್ಸ್ ಇಳಿಸಲು ಯೂರಿಯಾ ಸಿಂಪಡಿಸುವ ಎಸ್‌ಸಿಆರ್ ಬೇಕು. ಎಲ್ಲವೂ ಒಂದಕ್ಕೊಂದು ಲೆಕ್ಕ ಹಾಕಿ ಜೋಡಿಸಿದ್ದು. ಒಂದನ್ನು ಆಫ್ ಮಾಡಿದರೆ ಉಳಿದವುಗಳ ಲೆಕ್ಕವೂ ತಪ್ಪುತ್ತದೆ.

2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್6 ಬಂತು. ಬಿಎಸ್5 ಅನ್ನು ಹಾರಿಸಿ ನೇರ ಅಲ್ಲಿಗೇ ಹೋದೆವು. ಡೀಸೆಲ್ ಕಾರು ಒಂದು ಕಿಲೋಮೀಟರಿಗೆ ಬಿಡಬಹುದಾದ ನಾಕ್ಸ್ 250 ಮಿಲಿಗ್ರಾಂನಿಂದ 80ಕ್ಕೆ ಇಳಿಯಿತು. ಮಸಿಯ ಮಿತಿ 25 ಮಿಲಿಗ್ರಾಂನಿಂದ 4.5ಕ್ಕೆ ಬಂತು. ಬಂಕಿನ ಡೀಸೆಲ್ಲಿನಲ್ಲಿ ಗಂಧಕವೂ 50 ಪಿಪಿಎಂನಿಂದ (ಹತ್ತು ಲಕ್ಷ ಭಾಗಕ್ಕೆ 50) 10 ಪಿಪಿಎಂಗೆ ಇಳಿಯಿತು. ಗಂಧಕ ಜಾಸ್ತಿ ಇದ್ದರೆ ಹೊಗೆಯನ್ನು ಚೊಕ್ಕ ಮಾಡುವ ಕೆಟಲಿಸ್ಟ್‌ಗಳು ಬೇಗ ಕೆಲಸ ನಿಲ್ಲಿಸುತ್ತವೆ. ಹಾಗಾಗಿ ಡೀಸೆಲ್ ಚೊಕ್ಕ ಆಗದೆ ಗಾಡಿ ಚೊಕ್ಕ ಆಗುವಂತಿರಲಿಲ್ಲ.

ಗಾಡಿಯ ಪವರ್ "ಏರಿಸಿಕೊಡಿ" ಅಂತ ಕೇಳುವುದು ಹೊಸದೇನಲ್ಲ. ಅಪ್ಪನ ಕಾಲದಲ್ಲಿ ಲಾರಿಗಳಿಗೆ ಇನ್‌ಲೈನ್ ಪಂಪ್ ಇರುತ್ತಿತ್ತು, ಇಂಜಿನ್ನಿಗೆ ಡೀಸೆಲ್ ತಳ್ಳುವುದು ಅದೇ. ಅದರಲ್ಲಿ ಫುಲ್ ಲೋಡಿಗೆ ಎಷ್ಟು ಡೀಸೆಲ್ ಹೋಗಬೇಕು ಅನ್ನುವುದಕ್ಕೆ ಒಂದು ಸ್ಕ್ರೂ. ಅದನ್ನು ಯಾರೂ ಮುಟ್ಟಬಾರದು ಅಂತ ತಂತಿ ಕಟ್ಟಿ ಸೀಲ್ ಹಾಕಿರುತ್ತಿದ್ದರು. ಲೋಡ್ ಎಳೆಯುತ್ತಿಲ್ಲ ಅಂತ ಓನರ್‌ಗಳು ಸೀಲ್ ಕತ್ತರಿಸಿ ಸ್ಕ್ರೂ ತಿರುಗಿಸುತ್ತಿದ್ದರು. ಶಿರಾಡಿ ಘಾಟಿ ಹತ್ತುವಾಗ ಹಿಂದಿನ ಗಾಡಿಯವರಿಗೆ ರಸ್ತೆಯೇ ಕಾಣದಂತೆ ಕಪ್ಪು ಹೊಗೆ ಬರುತ್ತಿದ್ದುದು ಇದರಿಂದಲೇ. ಅಪ್ಪ ಅಂಥ ಪಂಪನ್ನು ಬಿಚ್ಚಿ ಡೀಸೆಲ್ ಎಷ್ಟು ಬಿಡುತ್ತದೆ ಅಂತ ಅಳೆಯುವ ಕ್ಯಾಲಿಬ್ರೇಷನ್ ಬೆಂಚಿಗೆ ಕಟ್ಟುತ್ತಿದ್ದರು. ಬೆಂಚಿನ ಮೇಲೆ ಸಾಲಾಗಿ ಗಾಜಿನ ಕೊಳವೆಗಳು, ಒಂದೊಂದು ಸಿಲಿಂಡರಿಗೆ ಒಂದೊಂದು. ಪಂಪ್ ತಿರುಗಿಸಿ ನಿಲ್ಲಿಸಿದ ಮೇಲೆ ಬಗ್ಗಿ, ಕಣ್ಣನ್ನು ಕೊಳವೆಯ ಮಟ್ಟಕ್ಕೆ ತಂದು ನೋಡುತ್ತಿದ್ದರು. ಒಂದರಲ್ಲಿ ಒಂದು ಗೆರೆ ಜಾಸ್ತಿ ಇದ್ದರೂ ಬಿಡುತ್ತಿರಲಿಲ್ಲ. ಎಲ್ಲ ಕೊಳವೆ ಸಮ ಆದಾಗ ಗಾಡಿ ಎಳೆಯುತ್ತಿತ್ತು, ಹೊಗೆಯೂ ನಿಲ್ಲುತ್ತಿತ್ತು. ಸ್ಕ್ರೂ ತಿರುಗಿಸುವ ಅಗತ್ಯವೇ ಬೀಳುತ್ತಿರಲಿಲ್ಲ.

ಈಗ ಸ್ಕ್ರೂ ಜಾಗದಲ್ಲಿ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್ ಇದೆ, ಆ ತಂತಿಯ ಜಾಗದಲ್ಲಿ ಸಾಫ್ಟ್‌ವೇರ್.

ಡಿಪಿಎಫ್ ಒಳಗೆ ಏನಿದೆ ಅಂತ ತುಂಬಾ ಜನ ನೋಡಿರುವುದಿಲ್ಲ. ಹೊರಗಿನ ಸ್ಟೀಲ್ ಡಬ್ಬದೊಳಗೆ ಸಿಲಿಕಾನ್ ಕಾರ್ಬೈಡ್ ಅಥವಾ ಕಾರ್ಡಿಯರೈಟ್ ಅನ್ನುವ ಸೆರಾಮಿಕ್ ದಿಂಡು ಇರುತ್ತದೆ. ಅದರ ತುಂಬಾ ಸಣ್ಣ ಚೌಕಾಕಾರದ ತೂತುಗಳು. ಒಂದು ತೂತು ಮುಂದೆ ತೆರೆದಿದ್ದು ಹಿಂದೆ ಮುಚ್ಚಿರುತ್ತದೆ. ಪಕ್ಕದ್ದು ಮುಂದೆ ಮುಚ್ಚಿ ಹಿಂದೆ ತೆರೆದಿರುತ್ತದೆ. ಹಾಗಾಗಿ ಹೊಗೆ ನಡುವಿನ ಗೋಡೆಯ ಮೂಲಕವೇ ಆಚೆ ಹೋಗಬೇಕು. ಮಸಿ ಗೋಡೆಯ ಈಚೆ ಉಳಿಯುತ್ತದೆ. ಡಬ್ಬದ ಮುಂದಿನ ಮತ್ತು ಹಿಂದಿನ ಒತ್ತಡವನ್ನು ಒಂದು ಸಣ್ಣ ಸೆನ್ಸರ್ ಅಳೆಯುತ್ತದೆ. ವ್ಯತ್ಯಾಸ ಜಾಸ್ತಿ ಆದರೆ ಮಸಿ ತುಂಬಿದೆ ಅಂತ ಇಸಿಯುಗೆ ಗೊತ್ತಾಗುತ್ತದೆ. ಆಗ ಅದು ಮಾಮೂಲಿ ಇಂಜೆಕ್ಷನ್ ಆದ ಮೇಲೆ ಇನ್ನೊಂಚೂರು ಡೀಸೆಲ್ ಬಿಟ್ಟು, ಹೊಗೆಯ ಬಿಸಿಯನ್ನು ಸುಮಾರು 600 ಡಿಗ್ರಿಗೆ ಏರಿಸಿ ಮಸಿಯನ್ನು ಸುಡುತ್ತದೆ. ಇದಕ್ಕೇ ರಿಜೆನ್ ಅನ್ನುವುದು. ಐಡಲ್ (ಗಾಡಿ ನಿಂತಿದ್ದಾಗಿನ ಇಂಜಿನ್ ವೇಗ) ಸ್ವಲ್ಪ ಏರಿರುತ್ತದೆ, ಗಾಡಿ ನಿಲ್ಲಿಸಿದರೂ ಫ್ಯಾನ್ ಓಡುತ್ತಲೇ ಇರುತ್ತದೆ, ಬಿಸಿ ವಾಸನೆ ಬರುತ್ತದೆ. ಇವು ಕಂಡರೆ ಗಾಬರಿ ಬೇಡ. ಆಫ್ ಮಾಡಬೇಡಿ, ಅದರ ಕೆಲಸ ಮುಗಿಯುವವರೆಗೆ ಓಡಿಸಿ.

ಸೌದೆ ಒಲೆ ನೋಡಿದವರಿಗೆ ಇನ್ನೊಂದು ವಿಷಯ ಬೇಗ ಅರ್ಥ ಆಗುತ್ತದೆ. ಸೌದೆ ಎಷ್ಟೇ ಚೆನ್ನಾಗಿ ಉರಿದರೂ ಬೂದಿ ಉಳಿದೇ ಉಳಿಯುತ್ತದೆ, ಅದನ್ನು ಬಾಚಿ ತೆಗೆಯಲೇಬೇಕು. ಡಿಪಿಎಫ್‌ನಲ್ಲೂ ಮಸಿ ಸುಡುತ್ತದೆ, ಬೂದಿ ಉಳಿಯುತ್ತದೆ. ಈ ಬೂದಿ ಬಹುಪಾಲು ಬರುವುದು ಡೀಸೆಲ್ಲಿನಿಂದಲ್ಲ, ಇಂಜಿನ್ ಆಯಿಲ್‌ನಲ್ಲಿ ಬೆರೆಸಿರುವ ರಾಸಾಯನಿಕಗಳಿಂದ. ಅದಕ್ಕೇ ಬಿಎಸ್6 ಗಾಡಿಗೆ ಕಡಿಮೆ ಬೂದಿಯ ಆಯಿಲ್ ಹಾಕಿ ಅಂತ ಮ್ಯಾನುಯಲ್‌ನಲ್ಲಿ ಬರೆದಿರುತ್ತಾರೆ. ಕಾರುಗಳಿಗೆ ಹೆಚ್ಚಾಗಿ ಆಯಿಲ್ ಡಬ್ಬದ ಮೇಲೆ ಸಿ2 ಅಥವಾ ಸಿ3 ಅಂತ ಇರುತ್ತದೆ. ನಮ್ಮ ಕಡೆ ಎಷ್ಟೋ ಗಾಡಿಗೆ ಹಳೇ ಲಾರಿಗೆ ಹಾಕುವ ಆಯಿಲ್ ಸುರಿದು ಕಳಿಸುತ್ತಾರೆ. ಆ ಬೂದಿಯನ್ನು ಎಷ್ಟು ಸಲ ರಿಜೆನ್ ಮಾಡಿದರೂ ಸುಡಲು ಆಗುವುದಿಲ್ಲ. ಬಿಚ್ಚಿ, ಮಶೀನಿನಲ್ಲಿ ತೊಳೆಸಬೇಕು.

ಶಿರಾ ಕಡೆಯ ಒಬ್ಬ ಮೇಷ್ಟ್ರು ಕಾರು ತಂದಿದ್ದರು. ಮನೆಯಿಂದ ಶಾಲೆ ತುಂಬಾ ಹತ್ತಿರ. ಬೆಳಗ್ಗೆ ಹೋಗುವುದು, ಸಂಜೆ ಬರುವುದು, ಅಷ್ಟೇ. ಇಂಜಿನ್ ಬಿಸಿ ಆಗುವುದರೊಳಗೆ ಶಾಲೆ ಬಂದುಬಿಡುತ್ತದೆ. ಬೇರೆ ಕಡೆ ಫಿಲ್ಟರ್ ಹೋಗಿದೆ, ತೆಗೆಸಿಬಿಡಿ ಅಂದಿದ್ದರಂತೆ. ಇಸಿಯು ಗುರುತಿಸಿದ ತೊಂದರೆಯ ಕೋಡ್ ಓದುವ ಸ್ಕ್ಯಾನರ್ ಹಾಕಿದೆ. ಪಿ2463 ಕೋಡ್ ಇತ್ತು, ಅಂದರೆ ಮಸಿ ತುಂಬಿದೆ. ಹಿಂದಿನ ರಿಜೆನ್‌ಗಳು ಶುರುವಾಗಿ ಅರ್ಧಕ್ಕೇ ನಿಂತಿದ್ದವು. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮ್ಯಾಕ್ಸ್ ಗೆರೆಗಿಂತ ಮೇಲೆ, ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ. ರಿಜೆನ್‌ಗೆ ಅಂತ ಬಿಟ್ಟ ಡೀಸೆಲ್ ಸುಡದೆ ಸಿಲಿಂಡರ್ ಗೋಡೆ ಹಿಡಿದು ಕೆಳಗಿಳಿದು ಆಯಿಲಿಗೆ ಸೇರಿತ್ತು. ಆಮೇಲೆ ಪ್ರೆಶರ್ ಸೆನ್ಸರ್‌ನಿಂದ ಬರುವ ಎರಡು ರಬ್ಬರ್ ಪೈಪ್ ನೋಡಿದೆ. ಒಂದು ಮೇಲ್ನೋಟಕ್ಕೆ ಚೆನ್ನಾಗಿತ್ತು, ಬೆರಳಲ್ಲಿ ಬಗ್ಗಿಸಿದರೆ ಕ್ಲಿಪ್ ಹತ್ತಿರ ಕೂದಲೆಳೆಯಷ್ಟು ಸೀಳು, ಸುತ್ತ ಮಸಿ. ಸೆನ್ಸರ್‌ಗೆ ಸರಿಯಾದ ಲೆಕ್ಕವೇ ಸಿಗುತ್ತಿರಲಿಲ್ಲ.

ಪೈಪ್ ಬದಲಾಯಿಸಿ, ಆಯಿಲ್ ಇಳಿಸಿ ಸರಿಯಾದ ಆಯಿಲ್ ಹಾಕಿ, ಒಣ ಹುಲ್ಲು, ಕಸ ಇಲ್ಲದ ಜಾಗಕ್ಕೆ ಗಾಡಿ ತಂದು ಸ್ಕ್ಯಾನರ್‌ನಿಂದ ರಿಜೆನ್ ಕೊಟ್ಟೆ. ಆ ಹೊತ್ತಿನಲ್ಲಿ ಸೈಲೆನ್ಸರ್ ಹತ್ತಿರ ಯಾರನ್ನೂ ಬಿಡಬಾರದು, ಅಷ್ಟು ಬಿಸಿ ಇರುತ್ತದೆ. ಮಸಿ ವಿಪರೀತ ತುಂಬಿದ್ದರೆ ಹೀಗೆ ಸುಡಲೂಬಾರದು, ಬೆಂಕಿ ಹದ ತಪ್ಪಿ ಸೆರಾಮಿಕ್ ಬಿರುಕು ಬಿಡುತ್ತದೆ. ಮೊದಲು ಸ್ಕ್ಯಾನರಿನಲ್ಲಿ ಮಸಿ ಎಷ್ಟಿದೆ ನೋಡಿಯೇ ಮುಂದುವರಿಯಬೇಕು. ಮೇಷ್ಟ್ರ ಕಾರಿನ ಫಿಲ್ಟರ್ ಉಳಿಯಿತು. "ಮೇಷ್ಟ್ರೇ, ವಾರಕ್ಕೊಂದು ಸಲ ಹೈವೇಗೆ ಹೋಗಿ, ಟಾಪ್ ಗೇರಿಗಿಂತ ಒಂದು ಗೇರ್ ಕೆಳಗೆ ಇಟ್ಟು, 2,000 ಆರ್‌ಪಿಎಂ ಮೇಲೆ ಅರ್ಧ ಗಂಟೆ ಓಡಿಸಿ ಬನ್ನಿ" ಅಂದೆ. ಮುಂದಿನ ಸಲ ಕಾರು ತಗೊಳ್ಳುವಾಗ ಪೆಟ್ರೋಲ್ ತಗೊಳ್ಳಿ ಅಂತಲೂ ಹೇಳಿದೆ. ಇದನ್ನು ಶೋರೂಮಿನವರೇ ಗಾಡಿ ಮಾರುವ ಮೊದಲು ಕೇಳಬೇಕಿತ್ತು: ನೀವು ದಿನಾ ಎಷ್ಟು ದೂರ ಓಡಿಸುತ್ತೀರಿ ಅಂತ. ಡೀಸೆಲ್ ಗಾಡಿ ಮಾರುವವರು ಈ ಒಂದು ಪ್ರಶ್ನೆ ಕೇಳಿದರೆ ಎಷ್ಟೋ ಜನರ ದುಡ್ಡು ಉಳಿಯುತ್ತದೆ.

ಇನ್ನು ಕೆಲವು ಗಾಡಿಗಳಲ್ಲಿ ಫಿಲ್ಟರ್ ತೊಳೆಸಿದ ಸ್ವಲ್ಪ ದಿನಕ್ಕೇ ಮತ್ತೆ ತುಂಬುತ್ತದೆ. ಅಂಥ ಗಾಡಿ ಬಂದರೆ ನಾನು ಮೊದಲು ಇಂಜೆಕ್ಟರ್ ಬಿಚ್ಚುತ್ತೇನೆ. ನಾಝಲ್ ತುದಿಯ ತೂತುಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಅಲ್ಲಿಂದ ಡೀಸೆಲ್ ಮಂಜಿನ ಹಾಗೆ ಬರಬೇಕು. ಹನಿ ಬಿದ್ದರೆ ಅದು ಪೂರ್ತಿ ಸುಡುವುದಿಲ್ಲ, ಮಸಿ ಆಗುತ್ತದೆ. ಹಳೇ ಗಾಡಿಯಲ್ಲಾಗಿದ್ದರೆ ಆ ಮಸಿ ಸೈಲೆನ್ಸರ್‌ನಿಂದ ಕಪ್ಪಾಗಿ ಹೊರಗೆ ಬಂದು ಕಣ್ಣಿಗೆ ಕಾಣುತ್ತಿತ್ತು. ಈಗ ಡಿಪಿಎಫ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಲೈಟು ಬರುತ್ತದೆ. ಟರ್ಬೊ ಆಯಿಲ್ ಬಿಡುತ್ತಿದ್ದರೂ, ಇಂಟರ್‌ಕೂಲರ್ ಪೈಪ್ ಸೀಳಿ ಗಾಳಿ ಸೋರುತ್ತಿದ್ದರೂ ಹೀಗೇ. ಡಿಲೀಟ್ ಮಾಡಿಸಿದರೆ, ಅಂದರೆ ಫಿಲ್ಟರನ್ನೇ ತೆಗೆಸಿದರೆ, ಹನಿ ಬೀಳುವ ನಾಝಲ್ ಹಾಗೇ ಓಡುತ್ತದೆ, ಒಂದು ದಿನ ಪಿಸ್ಟನ್ ತಲೆಯನ್ನೇ ಸುಡುತ್ತದೆ.

ಡಿಲೀಟ್ ಅಂದರೆ ಏನು ಮಾಡುತ್ತಾರೆ ಅಂತಲೂ ತಿಳಿದಿರಲಿ. ಡಬ್ಬ ಕತ್ತರಿಸಿ, ಸೆರಾಮಿಕ್ಕನ್ನು ಕುಟ್ಟಿ ಪುಡಿ ಮಾಡಿ ತೆಗೆದು, ಮತ್ತೆ ವೆಲ್ಡಿಂಗ್ ಮಾಡುತ್ತಾರೆ. ಹೊರಗಿನಿಂದ ನೋಡಿದರೆ ಡಬ್ಬ ಹಾಗೇ ಇರುತ್ತದೆ. ಇಜಿಆರ್‌ಗೆ ಪ್ಲೇಟ್ ಹಾಕಿ ಮುಚ್ಚುತ್ತಾರೆ. ಆಮೇಲೆ ಇಸಿಯು ಫೈಲ್ ಓದಿ, ಫಿಲ್ಟರೇ ಇಲ್ಲ, ರಿಜೆನ್ ಬೇಕಿಲ್ಲ ಅಂತ ಬದಲಾಯಿಸಿ ಬರೆಯುತ್ತಾರೆ. ಅದಕ್ಕೆ ಸಂಬಂಧಪಟ್ಟ ಕೋಡ್‌ಗಳನ್ನು ಆಫ್ ಮಾಡುತ್ತಾರೆ. ಅಗ್ಗಕ್ಕೆ ಮಾಡುವವರು ಬೇಡದ ಕೋಡ್ ಯಾವುದು, ಬೇಕಾದ್ದು ಯಾವುದು ನೋಡುವ ಗೋಜಿಗೇ ಹೋಗುವುದಿಲ್ಲ, ಒಟ್ಟಿಗೇ ಮುಚ್ಚುತ್ತಾರೆ. ಆಮೇಲೆ ನಿಜವಾದ ಸೆನ್ಸರ್ ಕೆಟ್ಟರೂ ಗಾಡಿ ಸುಮ್ನೆ ಇರುತ್ತದೆ. ಇಂಥ ಗಾಡಿ ನನ್ನ ಹತ್ತಿರ ಬಂದರೆ ಸ್ಕ್ಯಾನರ್ ಎಲ್ಲ ಸರಿ ಇದೆ ಅನ್ನುತ್ತದೆ, ಇಂಜಿನ್ ಮಾತ್ರ ನಡುಗುತ್ತಿರುತ್ತದೆ. ಹುಡುಕುವುದಾದರೂ ಎಲ್ಲಿಂದ?

ಲಾರಿಗಳದ್ದು ಯೂರಿಯಾ ಗೋಳು. ಎಸ್‌ಸಿಆರ್‌ನಲ್ಲಿ ಸಿಂಪಡಿಸುವ ದ್ರವ ಡಿಇಎಫ್. ಅದು ಶೇ. 32.5 ಯೂರಿಯಾ, ಉಳಿದದ್ದು ಖನಿಜ ತೆಗೆದ ಶುದ್ಧ ನೀರು. ಬಿಸಿ ಹೊಗೆಗೆ ಅದನ್ನು ಸಿಂಪಡಿಸಿದರೆ ಅಮೋನಿಯಾ ಆಗುತ್ತದೆ. ಆ ಅಮೋನಿಯಾ ಕೆಟಲಿಸ್ಟ್ ಮೇಲೆ ನಾಕ್ಸನ್ನು ಮಾಮೂಲಿ ನೈಟ್ರೋಜನ್ ಮತ್ತು ನೀರಾಗಿ ಬದಲಾಯಿಸುತ್ತದೆ. ಟ್ಯಾಂಕ್ ಖಾಲಿಯಾದರೆ ಗಾಡಿ ತಾನೇ ಪವರ್ ಇಳಿಸಿಕೊಳ್ಳುತ್ತದೆ. ದುಡ್ಡು ಉಳಿಸಲು ಕೆಲವರು ಹೊಲಕ್ಕೆ ಹಾಕುವ ಯೂರಿಯಾವನ್ನೇ ನೀರಿಗೆ ಕಲಸಿ ಸುರಿಯುತ್ತಾರೆ. ದಯವಿಟ್ಟು ಬೇಡ. ರೈತರ ಯೂರಿಯಾಕ್ಕೆ ಬೇವಿನೆಣ್ಣೆ ಲೇಪ ಇರುತ್ತದೆ. ನಮ್ಮ ತುಮಕೂರು, ಚಿತ್ರದುರ್ಗ ಕಡೆಯ ಬೋರ್‌ವೆಲ್ ನೀರಂತೂ ಪಾತ್ರೆಯ ತಳದಲ್ಲೇ ಬಿಳಿ ಕಲ್ಲು ಕಟ್ಟುವಂಥದ್ದು. ಇವೆರಡೂ ಸೇರಿದರೆ ಯೂರಿಯಾ ಸಿಂಪಡಿಸುವ ಇಂಜೆಕ್ಟರ್ ಮುಚ್ಚುತ್ತದೆ, ಕೆಟಲಿಸ್ಟ್ ಹಾಳಾಗುತ್ತದೆ. ರೈತರಿಗೆ ಸಬ್ಸಿಡಿಯಲ್ಲಿ ಕೊಡುವ ಗೊಬ್ಬರವನ್ನು ಲಾರಿಗೆ ಸುರಿಯುವುದು ತಪ್ಪು ಅನ್ನುವುದು ಬೇರೆ ಮಾತು. ಇನ್ನು ಕೆಲವರು ಎಮ್ಯುಲೇಟರ್ ಅಂತ ಬೆಂಕಿಪೊಟ್ಟಣದಷ್ಟು ಡಬ್ಬಿ ಹಾಕಿಸುತ್ತಾರೆ. ಯೂರಿಯಾ ಸರಿಯಾಗಿ ಹೋಗುತ್ತಿದೆ ಅಂತ ಅದು ಇಸಿಯುಗೆ ಸುಳ್ಳು ಸಿಗ್ನಲ್ ಕೊಡುತ್ತಾ ಇರುತ್ತದೆ.

ಇದೇ ಸುಳ್ಳನ್ನು ದೊಡ್ಡ ಮಟ್ಟದಲ್ಲಿ ಮಾಡಿ ಸಿಕ್ಕಿಬಿದ್ದದ್ದು ಫೋಕ್ಸ್‌ವ್ಯಾಗನ್. 2015ರ ಸೆಪ್ಟೆಂಬರ್‌ನಲ್ಲಿ ಬಯಲಾಯಿತು. ಗಾಡಿ ಟೆಸ್ಟ್ ಬೆಂಚಿನ ಮೇಲಿದೆ ಅಂತ ಸಾಫ್ಟ್‌ವೇರ್ ಗುರುತು ಹಿಡಿದು, ಆಗ ಮಾತ್ರ ನಾಕ್ಸ್ ಇಳಿಸುತ್ತಿತ್ತು. ಜಗತ್ತಿನಲ್ಲಿ ಸುಮಾರು 1.1 ಕೋಟಿ ಗಾಡಿಗಳಲ್ಲಿ ಆ ಸಾಫ್ಟ್‌ವೇರ್ ಇತ್ತು. ಇದು ಹೊರಬಂದದ್ದು ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಣ್ಣ ತಂಡವೊಂದು ಕಾರಿನ ಹಿಂದೆ ಅಳೆಯುವ ಉಪಕರಣ ಕಟ್ಟಿಕೊಂಡು ನಿಜವಾದ ರಸ್ತೆಯಲ್ಲಿ ಓಡಿಸಿದ್ದರಿಂದ. ಒಂದು ಕಾರು ಮಿತಿಗಿಂತ 35 ಪಟ್ಟಿನವರೆಗೂ ನಾಕ್ಸ್ ಬಿಡುತ್ತಿತ್ತು. ಆ ತಂಡದಲ್ಲಿ ನಮ್ಮ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಇದ್ದರು. ನಮ್ಮ ಕಡೆಯ ಎಷ್ಟೋ ಮೆಕ್ಯಾನಿಕ್‌ಗಳಿಗೆ ಅವರ ಹೆಸರೇ ಗೊತ್ತಿಲ್ಲ, ಗೊತ್ತಿರಬೇಕು. 2023ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲೂ ಬಿಎಸ್6 ಎರಡನೇ ಹಂತದಲ್ಲಿ ಹೊಸ ಮಾದರಿಯ ಗಾಡಿಗಳನ್ನು ಹೀಗೆ ರಸ್ತೆಯಲ್ಲೇ ಅಳೆಯುವ ನಿಯಮ ಬಂದಿದೆ.

ಆದರೆ ಗಾಡಿ ರಸ್ತೆಗಿಳಿದ ಮೇಲೆ ನಾವು ಮಾಡಿಸುವ ಎಮಿಷನ್ ಟೆಸ್ಟ್ ಮಾತ್ರ ಹಳೇದೇ. ಡೀಸೆಲ್ ಗಾಡಿಯ ಆಕ್ಸಿಲರೇಟರ್ ಒತ್ತಿಸಿ ಹೊಗೆ ಎಷ್ಟು ದಟ್ಟ ಇದೆ ಅಂತ ಬೆಳಕು ಹಾಯಿಸಿ ನೋಡುತ್ತಾರೆ. ನಾಕ್ಸ್ ಅಳೆಯುವುದೇ ಇಲ್ಲ. ಹೆಚ್ಚು ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಈಗಿನ ಕಾಮನ್ ರೈಲ್ ಇಂಜಿನ್ನಿನ ಮಸಿ ಎಷ್ಟು ನುಣ್ಣಗೆ ಅಂದರೆ ಡಿಪಿಎಫ್ ಇಲ್ಲದ ಗಾಡಿಯೂ ಪಾಸ್ ಆಗಿಬಿಡಬಹುದು. "ಟೆಸ್ಟ್ ಪಾಸಾಗಿದೆಯಲ್ಲಾ ಅಣ್ಣಾ" ಅಂತ ಸರ್ಟಿಫಿಕೇಟ್ ತೋರಿಸುತ್ತಾರೆ. ಕಣ್ಣಿಗೆ ಕಾಣದ ಆ ನುಣ್ಣನೆಯ ಮಸಿಯೇ ಶ್ವಾಸಕೋಶದ ಆಳಕ್ಕೆ ಇಳಿಯುವುದು. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಖಚಿತವಾಗಿ ಹೇಳಿದೆ. ದಿನವಿಡೀ ಸೈಲೆನ್ಸರ್ ಪಕ್ಕ ನಿಲ್ಲುವವರು ನನ್ನ ಅಂಗಡಿಯ ಹುಡುಗರು. ನೆದರ್‌ಲ್ಯಾಂಡ್ಸ್, ಜರ್ಮನಿಯಲ್ಲಿ 2023ರಿಂದ ಡೀಸೆಲ್ ಕಾರುಗಳ ಟೆಸ್ಟಿನಲ್ಲಿ ಮಸಿಯ ಕಣಗಳನ್ನೇ ಎಣಿಸುತ್ತಾರೆ. ಫಿಲ್ಟರ್ ಕಿತ್ತ ಗಾಡಿ ಅಲ್ಲಿ ಕೂಡಲೇ ಸಿಕ್ಕಿಬೀಳುತ್ತದೆ. ನಮ್ಮಲ್ಲೂ ಅದು ಬರಬೇಕು.

ಕಾನೂನು ಈಗಲೇ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ, ಹೊಗೆಯ ನಿಯಮ ಮೀರಿದ ಗಾಡಿ ಓಡಿಸಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಒಪ್ಪಿಗೆ ಇಲ್ಲದ ಮಾರ್ಪಾಡಿಗೆ ಓನರ್ ಮೇಲೆ ಬೇರೆ ಕೇಸು.

ಪೆಟ್ರೋಲ್ ಗಾಡಿಯವರು ಸೌಂಡಿಗೋಸ್ಕರ ಕೆಟಲಿಟಿಕ್ ಕನ್ವರ್ಟರ್ ತೆಗೆಸುವುದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಸದ್ಯಕ್ಕೆ ಇಷ್ಟು ಸಾಕು: ಅದರಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಅನ್ನುವ ಬೆಲೆಬಾಳುವ ಲೋಹ ಇದೆ. "ಹಳೇದು ಇಲ್ಲೇ ಬಿಟ್ಟುಹೋಗಿ" ಅಂತ ಯಾರಾದರೂ ಅಂದರೆ ಬಿಟ್ಟು ಬರಬೇಡಿ.

ಸೆಕೆಂಡ್ ಹ್ಯಾಂಡ್ ಬಿಎಸ್6 ಡೀಸೆಲ್ ತಗೊಳ್ಳುವವರು ಹೀಗೆ ನೋಡಿ. ಇಂಜಿನ್ ತಣ್ಣಗಿರುವಾಗ ಸೈಲೆನ್ಸರ್ ತುದಿಯ ಒಳಗೆ ಬಿಳಿ ಬಟ್ಟೆ ಹಾಕಿ ಒರೆಸಿ. ಫಿಲ್ಟರ್ ಸರಿ ಇದ್ದರೆ ಎಷ್ಟೋ ಸಾವಿರ ಕಿಲೋಮೀಟರ್ ಓಡಿದ ಗಾಡಿಯಲ್ಲೂ ಬಟ್ಟೆಗೆ ಧೂಳು ಹತ್ತಬಹುದು, ಮಸಿ ಹತ್ತುವುದಿಲ್ಲ. ಕಾಡಿಗೆ ಬಣ್ಣ ಬಂದರೆ ಫಿಲ್ಟರ್ ಒಡೆದಿದೆ ಅಥವಾ ಇಲ್ಲ. ಕೆಳಗೆ ಬಗ್ಗಿ ಡಬ್ಬದ ಮೇಲೆ ಕೈಯಲ್ಲಿ ಮಾಡಿದ ವೆಲ್ಡಿಂಗ್ ಗೆರೆ ಇದೆಯೇ ನೋಡಿ, ಕಂಪನಿಯ ವೆಲ್ಡಿಂಗ್ ಒಂದೇ ಸಮ ಇರುತ್ತದೆ. ಸ್ಕ್ಯಾನರ್ ಇರುವ ಯಾರನ್ನಾದರೂ ಕರೆದುಕೊಂಡು ಹೋಗಿ, 3,000 ಆರ್‌ಪಿಎಂಗೆ ಏರಿಸಿ ಡಿಪಿಎಫ್ ಪ್ರೆಶರ್ ನೋಡಲು ಹೇಳಿ. ಆರ್‌ಪಿಎಂ ಏರಿದಂತೆ ಅದೂ ಏರಬೇಕು. ಸೊನ್ನೆಯಲ್ಲೇ ನಿಂತಿದ್ದರೆ, ಅಥವಾ ಒಂದೇ ಅಂಕಿ ತೋರಿಸುತ್ತಿದ್ದರೆ, ಒಳಗೆ ಏನೂ ಇಲ್ಲದಿರಬಹುದು, ಇಲ್ಲವೇ ಸೆನ್ಸರ್ ಅಥವಾ ಅದರ ಪೈಪ್ ಕೆಟ್ಟಿರಬಹುದು. ಫಿಲ್ಟರ್ ಇಲ್ಲ ಅಂತ ಖಚಿತವಾದರೆ ಹೊಸ ಫಿಲ್ಟರ್, ಸೆನ್ಸರ್, ಮೂಲ ಸಾಫ್ಟ್‌ವೇರ್ ಹಾಕಿಸುವ ಖರ್ಚನ್ನು ಮಾರುವವರ ರೇಟಿನಲ್ಲಿ ಕಳೆದು ಮಾತಾಡಿ. ಒಪ್ಪದಿದ್ದರೆ ಬೇರೆ ಗಾಡಿ ನೋಡಿ.